ಗೋಡೆಯಾಗಿ ಕುಳಿತ ಮಗು

ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ನಮ್ಮ ಮಗಳಿಗೆ ಹೊಟ್ಟೆನೋವು ಬರುತ್ತಿತ್ತು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ನೋವೂ ಆರೂವರೆಗೇ ಬರುತ್ತಿತ್ತು. ಹತ್ತು ಗಂಟೆಯವರೆಗೆ ಮನೆಯಲ್ಲೇ ಉಳಿಸಿಕೊಂಡರೆ ತಾನಾಗಿಯೇ ಹೋಗುತ್ತಿತ್ತು. ಓಮದ ನೀರು ಕುಡಿಸಿದೆವು. ಜಂತುಹುಳದ ಮಾತ್ರೆ ಕೊಟ್ಟೆವು. ದಾದಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲವಾದ್ದರಿಂದ ದೃಷ್ಟಿಯೇ ತಾಗಿದೆ ಎಂದು ಅವರ ತೀರ್ಮಾನ. ಡಾಕ್ಟರು ಮಾತ್ರ ಹೊಟ್ಟೆ ಒತ್ತಿ ನೋಡಿ, "ಯಾವ ಸ್ಕೂಲು ಮರಿ?" ಎಂದು ಕೇಳಿದರು. ರೋಗಕ್ಕೂ ಶಾಲೆಗೂ ಏನು ಸಂಬಂಧ ಎಂದು ನಮಗೆ ಆಗ ಹೊಳೆಯಲಿಲ್ಲ.

ಇದು 2023ರ ಜುಲೈ ತಿಂಗಳ ಮಾತು. ಮಗಳು ಆಗ ಆರನೇ ತರಗತಿ. ನಮ್ಮ ಪೇಟೆಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ. ಒಂದು ದಿನ ಅವಳ ಗಣಿತದ ನೋಟ್‌ಬುಕ್ ತೆರೆದು ನೋಡಿದರೆ ಎರಡು ವಾರದ ಪುಟಗಳು ಖಾಲಿ. ಕೇಳಿದರೆ "ಕೇಳಿಸಲ್ಲ" ಅಂದಳು. ಗಾಬರಿಯಾಗಿ ಕಿವಿಯ ಪರೀಕ್ಷೆಯನ್ನೂ ಮಾಡಿಸಿದೆವು. ಕಿವಿ ಚೆನ್ನಾಗಿಯೇ ಇತ್ತು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಅವಳು ತಾನಾಗಿಯೇ ಹೇಳಿದಳು: "ಕಿವಿ ಕೇಳಿಸುತ್ತೆ ಅಮ್ಮಿ. ಟೀಚರ್ ಕೇಳಿಸಲ್ಲ."

ಆಮೇಲೆ ಒಂದೊಂದೇ ಹೊರಬಂತು. ಒಬ್ಬ ಶಿಕ್ಷಕರಿಗೆ ವರ್ಗವಾಗಿ ಆ ಜಾಗಕ್ಕೆ ಯಾರೂ ಬಾರದೆ ಆರನೇ ತರಗತಿಯ ಎರಡು ವಿಭಾಗಗಳನ್ನು ಒಂದೇ ಕೋಣೆಗೆ ಸೇರಿಸಿದ್ದರು. ಐವತ್ತನಾಲ್ಕು ಮಕ್ಕಳು. ಅವರಲ್ಲಿ ಮೂವರು ಹುಡುಗರು ಇಡೀ ತರಗತಿಯನ್ನು ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ಬೆಂಚು ಬಡಿಯುವುದು, ಟೀಚರ್ ಬೋರ್ಡಿಗೆ ತಿರುಗಿದ ಕೂಡಲೇ ನಾಯಿಯಂತೆ ಕೂಗುವುದು, ಮುಂದೆ ಕುಳಿತವರ ಬೆನ್ನಿಗೆ ಕೈವಾರದ ಮೊನೆ ಚುಚ್ಚುವುದು. ನಮ್ಮ ಮಗಳ ಜಾಮಿಟ್ರಿ ಬಾಕ್ಸ್ ಕಿಟಕಿಯಿಂದ ಹೊರಗೆ ಹೋಗಿತ್ತು. ಅವಳಿಗೆ ಒಂದು ಅಡ್ಡಹೆಸರೂ ಬಿದ್ದಿತ್ತು. ಅದೇನೆಂದು ಎಷ್ಟು ಕೇಳಿದರೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಇಷ್ಟಾದರೆ ಮಕ್ಕಳ ತುಂಟಾಟ, ತುಸು ಅತಿಯಾಯಿತು ಎಂದು ಬಿಡಬಹುದಿತ್ತೇನೋ. ನಮ್ಮನ್ನು ಬೆಚ್ಚಿಸಿದ್ದು ಬೇರೆ. ಅವಳನ್ನು ಆ ಮೂವರಲ್ಲಿ ಇಬ್ಬರ ನಡುವೆ ಕೂರಿಸಿದ್ದರು. ಅವಳ ತಪ್ಪಿಗಲ್ಲ, ಅವಳು ಒಳ್ಳೆಯವಳು ಎಂಬ ಕಾರಣಕ್ಕೆ. "ನೀನು ಜಾಣೆ, ನೀನು ಮಧ್ಯೆ ಕೂತರೆ ಇವರು ಸುಮ್ಮನಿರ್ತಾರೆ" ಎಂದು ಟೀಚರ್ ಹೇಳಿದರಂತೆ. ಹುಡುಗರನ್ನು ಹುಡುಗಿಯ ಪಕ್ಕ ಕೂರಿಸುವುದು ನಮ್ಮ ಶಾಲೆಗಳಲ್ಲಿ ಹಳೆಯ ಶಿಕ್ಷೆ, ಓದಿದವರಿಗೆಲ್ಲ ನೆನಪಿರಬೇಕು. ಹುಡುಗರಿಗೆ ಅದರಿಂದ ನಾಚಿಕೆಯಾಗುತ್ತದೆ ಎಂದು ಲೆಕ್ಕ. ಆದರೆ ಶಿಕ್ಷೆಯ ಸಾಮಾನಾಗಿ ಕುಳಿತ ಆ ಹುಡುಗಿಗೆ ಏನಾಗುತ್ತದೆ ಎಂದು ಯಾರೂ ಕೇಳಿದಂತಿಲ್ಲ. ಕೋಲಿಗೆ ನೋವಾಗುತ್ತದೆಯೇ ಎಂದು ಯಾರು ಕೇಳುತ್ತಾರೆ?

ಟೀಚರ್ ಆಫೀಸಿಗೆ ಹೋದಾಗ ಬೋರ್ಡಿನ ಮೂಲೆಯಲ್ಲಿ 'ಮಾತಾಡಿದವರು' ಎಂದು ಬರೆದು ಹೆಸರು ಗುರುತಿಸುವ ಕೆಲಸವೂ ಅವಳದೇ. ಹೆಸರು ಬರೆದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ಅವರು ತಳ್ಳುತ್ತಾರೆ, ಬರೆಯದಿದ್ದರೆ ಟೀಚರ್ ಬೈಯುತ್ತಾರೆ. ಹನ್ನೊಂದು ವರ್ಷದ ಮಗುವಿನ ಕೈಗೆ ಒಂದು ತುಂಡು ಸೀಮೆಸುಣ್ಣ ಕೊಟ್ಟು ಪೊಲೀಸ್ ಠಾಣೆ ನಡೆಸು ಎಂದಂತಾಯಿತು. ಅದೂ ಸಾಲದೆ ಗಲಾಟೆ ಮಿತಿಮೀರಿದ ದಿನ ಇಡೀ ತರಗತಿ ನಿಲ್ಲಬೇಕು, ಮಾಡಿದವನೂ, ಮಾಡದವಳೂ.

ಶಾಂತ ಸ್ವಭಾವದ ಮಗು ಊರ ಬಾವಿಯಿದ್ದಂತೆ. ಯಾರು ಬೇಕಾದರೂ ಬಿಂದಿಗೆ ಇಳಿಬಿಡಬಹುದು ಎಂದು ಎಲ್ಲರೂ ತಿಳಿದುಕೊಂಡಿರುತ್ತಾರೆ. ಮನೆಯಲ್ಲೂ ಹೀಗೆಯೇ ಅಲ್ಲವೇ? ಹಟ ಮಾಡುವವನಿಗೆ ಮೊದಲ ಮಾವಿನ ಹಣ್ಣು, ಅರ್ಥ ಮಾಡಿಕೊಳ್ಳುವವಳಿಗೆ "ನೀನು ದೊಡ್ಡವಳು, ಬಿಡು." ಈ ಮಾತನ್ನು ಎಷ್ಟು ಹೆಣ್ಣುಮಕ್ಕಳು ಕೇಳಿಸಿಕೊಂಡು ಬೆಳೆದಿಲ್ಲ!

ದಾದಿಗೆ ಹೇಳಿದೆವು. "ಸಬರ್ ಕರೋ ಬೇಟಿ, ಬಚ್ಚೆ ಹೈ" ಅಂದರು. ಎಂಬತ್ತು ದಾಟಿದ ಜೀವ. ಸಹನೆಯಿಂದಲೇ ಒಂದು ಸಂಸಾರವನ್ನು ದಡ ಮುಟ್ಟಿಸಿದವರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಧೈರ್ಯ ನಮಗಿಲ್ಲ. ಆದರೆ ಆ ರಾತ್ರಿ ಯೋಚಿಸುತ್ತಾ ಹೋದಂತೆ ಒಂದು ವಿಷಯ ಅರ್ಥವಾಯಿತು. ದಾದಿ ಜೀವನವಿಡೀ ಮಾಡಿದ ಸಬರ್ ಅವರದೇ ಕಷ್ಟದ ಮೇಲಿನದು. ನಾವು ಈಗ ಮಾಡಲು ಹೊರಟಿರುವುದು ಮಗಳ ಕಷ್ಟದ ಮೇಲೆ ನಮ್ಮ ಸಬರ್. ಬೇರೆಯವರ ಬೆನ್ನಿನ ಮೇಲಿನ ಮೂಟೆಯನ್ನು ನೋಡುತ್ತಾ ನಾವು ಸಹಿಸಿಕೊಂಡೆವು ಎನ್ನುವುದಕ್ಕೆ ಸಹನೆಯೆಂಬ ಹೆಸರು ಹೊಂದುತ್ತದೆಯೇ? ನಮಗಂತೂ ಅನುಮಾನ.

ಸುಮ್ಮನಿರಲು ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದೇಕೆ. ನಮ್ಮಂಥವರು ಶಾಲೆಗೆ ಹೋಗಿ ದೂರು ಕೊಡುವಾಗ ಮೂರು ಸಲ ಹಿಂದೆ ಮುಂದೆ ನೋಡುತ್ತೇವೆ. 'ಇವರದ್ದು ಯಾವಾಗಲೂ ಏನಾದರೊಂದು ತಕರಾರು' ಎಂಬ ಮಾತು ಯಾರೂ ಆಡದಿದ್ದರೂ ನಮ್ಮ ಕಿವಿಗೆ ಕೇಳಿಸಿಬಿಡುತ್ತದೆ. ಈ ಅಂಜಿಕೆಯ ಬೆಲೆಯನ್ನು ನಾವಲ್ಲ, ಮಕ್ಕಳು ತೆರುತ್ತಾರೆ.

ಕೊನೆಗೂ ಹೋದೆವು. ಟೀಚರ್ ಕೆಟ್ಟವರಲ್ಲ. ನಮ್ಮನ್ನು ಕುರ್ಚಿ ಹಾಕಿ ಕೂರಿಸಿ, ಮೊಟ್ಟೆಯ ಲೆಕ್ಕ ಬರೆಯುತ್ತಲೇ ಮಾತಾಡಿದರು. "ಮೇಡಂ, ನನಗೂ ಎರಡೇ ಕೈ. ಐವತ್ನಾಲ್ಕು ಮಕ್ಕಳು. ನಿಮ್ಮ ಮಗಳ ಥರದವರು ನಾಲ್ಕು ಜನ ಇಲ್ಲದಿದ್ದರೆ ನಾನು ಯಾವತ್ತೋ ರಜೆ ಹಾಕಿ ಕೂತುಬಿಡ್ತಿದ್ದೆ" ಎಂದರು. ಅದು ಹೊಗಳಿಕೆ. ಆದರೆ ಅದೇ ನಮ್ಮ ದೂರು ಕೂಡ ಎಂದು ಅವರಿಗೆ ಹೇಗೆ ತಿಳಿಸುವುದೆಂದು ಗೊತ್ತಾಗದೆ ಚಹಾ ಕುಡಿದು ಎದ್ದು ಬಂದೆವು. ಮಾರನೆಯ ದಿನ ಅವರು ಆ ಮೂವರಲ್ಲಿ ಒಬ್ಬನಿಗೆ ಅಡಿಕೋಲಿನಿಂದ ನಾಲ್ಕು ಬಾರಿಸಿದರಂತೆ. ಹತ್ತು ನಿಮಿಷ ತರಗತಿ ಸ್ತಬ್ಧ. ಮಗಳು ಇದನ್ನು ಹೇಳಿದಾಗ ನಮಗೆ ಒಳಗೊಳಗೇ ಸಮಾಧಾನವಾಯಿತು. ಹದಿನೈದು ವರ್ಷಗಳಿಂದ ಕತೆ ಬರೆಯುತ್ತಾ, ಮಕ್ಕಳಿಗೆ ಹೊಡೆಯಬಾರದೆಂದು ವೇದಿಕೆಗಳಲ್ಲಿ ಮಾತಾಡುತ್ತಾ ಬಂದವರು ನಾವು! ಹದಿನಾಲ್ಕನೆಯ ಶತಮಾನದಲ್ಲೇ ಇಬ್ನ್ ಖಲ್ದೂನ್ ತನ್ನ 'ಮುಖದ್ದಿಮಾ'ದಲ್ಲಿ, ಕಠಿಣ ಶಿಕ್ಷೆ ವಿದ್ಯಾರ್ಥಿಯ ಚೈತನ್ಯವನ್ನು ಕುಗ್ಗಿಸಿ ಅವನಿಗೆ ಸುಳ್ಳು, ಕಪಟಗಳನ್ನು ಕಲಿಸುತ್ತದೆ ಎಂದು ಬರೆದಿದ್ದಾನೆ. ಅದನ್ನು ಓದಿ ತಲೆದೂಗಿದವರೂ ನಾವೇ. ಸ್ವಂತ ಮಗುವಿನ ವಿಷಯ ಬಂದಾಗ ಓದಿದ್ದೆಲ್ಲ ಎಷ್ಟು ಬೇಗ ಜಾರಿಹೋಗುತ್ತದೆ.

ಹನ್ನೊಂದನೆಯ ನಿಮಿಷಕ್ಕೆ ಗಲಾಟೆ ಮತ್ತೆ ಶುರುವಾಗಿತ್ತು ಎನ್ನುವುದನ್ನೂ ಹೇಳಬೇಕು. ಪೆಟ್ಟು ತಿಂದವನು ಅದರ ಲೆಕ್ಕವನ್ನು ಮಗಳ ನೋಟ್‌ಬುಕ್ಕಿನ ಮೇಲೆ ತೀರಿಸಿಕೊಂಡಿದ್ದ.

ಆ ವೇಳೆಗೆ ಬೇರೆ ಪೋಷಕರೂ ರೋಸಿಹೋಗಿದ್ದರು. ಒಂದು ಸಂಜೆ ಐದಾರು ಜನ ಮನೆಗೆ ಬಂದರು. ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿಗೂ ಒಂದು ಅರ್ಜಿ ಕೊಡಬೇಕು, ಆ ಹುಡುಗನಿಗೆ ಟಿಸಿ ಕೊಟ್ಟು ಕಳುಹಿಸಬೇಕು, "ನೀವು ಕತೆ ಬರೆಯುವವರು, ಚೆನ್ನಾಗಿ ಬರೆದುಕೊಡಿ" ಎಂದರು. ಕತೆ ಬರೆಯುವವರನ್ನು ಊರಿನವರು ಹುಡುಕಿಕೊಂಡು ಬರುವುದು ಇಂಥದ್ದಕ್ಕೇ. ಖುಷಿಯಿಂದಲೇ ಪೆನ್ನು ತೆಗೆದೆವು. ಹುಡುಗನ ಹೆಸರು ಹೇಳಿ ಎಂದಾಗ ಒಂದೇ ಹೆಸರು ಬಂತು. ಮೂವರಲ್ಲವೇ ಎಂದು ಕೇಳಿದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನಿಬ್ಬರಲ್ಲಿ ಒಬ್ಬ ಸಮಿತಿಯ ಸದಸ್ಯರೊಬ್ಬರ ಮಗ. ಮತ್ತೊಬ್ಬನ ಅಪ್ಪನ ಅಂಗಡಿಯಲ್ಲಿ ಬಂದವರಲ್ಲಿ ಇಬ್ಬರಿಗೆ ಸಾಲದ ಲೆಕ್ಕವಿತ್ತು. ಉಳಿದವನು ನಮ್ಮ ಮೊಹಲ್ಲಾದ ಹಿಂದಿನ ಓಣಿಯ ಹುಡುಗ, ಲಾರಿ ಡ್ರೈವರನ ಮಗ. ಧರ್ಮದ ಕಾರಣಕ್ಕೆ ಅವನೊಬ್ಬನ ಹೆಸರು ಬಂತೆಂದು ನಾವು ಹೇಳುವುದಿಲ್ಲ. ಏಕೆಂದರೆ ಬಂದವರಲ್ಲಿ ಮೂವರು ನಮ್ಮ ಓಣಿಯವರೇ. ಕಳುಹಿಸಿದರೆ ಕೇಳುವವರಿಲ್ಲದ ಮಗು ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ನಾಳೆ ಬರೆದುಕೊಡುತ್ತೇವೆ ಎಂದು ಕಳುಹಿಸಿದೆವು. ಆ 'ನಾಳೆ' ಒಂಬತ್ತು ದಿನ ಹಿಡಿಯಿತು.

ತೊತ್ತೋಚಾನಳನ್ನು ಕನ್ನಡದ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ಆ ಪುಸ್ತಕ ನಮ್ಮಲ್ಲಿ ಎಷ್ಟೋ ಮೇಷ್ಟರುಗಳ ಮನಸ್ಸನ್ನು ತಿರುಗಿಸಿದೆ. ಪುಟ್ಟ ಹುಡುಗಿಯನ್ನು ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಹಾಕುತ್ತಾರೆ. ಡೆಸ್ಕಿನ ಮುಚ್ಚಳವನ್ನು ದಿನವಿಡೀ ತೆಗೆದು ಹಾಕಿ ಮಾಡುತ್ತಾಳೆ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಾಳೆ ಎಂಬುದು ದೂರು. ಆಮೇಲೆ ತೊಮೊಯೆ ಶಾಲೆ, ಗಂಟೆಗಟ್ಟಲೆ ಅವಳ ಮಾತು ಕೇಳುವ ಮುಖ್ಯೋಪಾಧ್ಯಾಯ ಕೊಬಾಯಾಶಿ. ಓದುವಾಗ ನಾವೆಲ್ಲರೂ ತೊತ್ತೋಚಾನಳ ಪಕ್ಷ. ಆ ಮೊದಲ ಶಾಲೆಯ ಟೀಚರನ್ನು ಮನಸ್ಸಿನಲ್ಲೇ ಬೈದಿದ್ದೇವೆ. ಆ ಒಂಬತ್ತು ದಿನಗಳಲ್ಲಿ ಮತ್ತೆ ಆ ಪುಸ್ತಕ ತೆಗೆದು ಕುಳಿತಾಗ ಇದುವರೆಗೆ ಬಾರದಿದ್ದ ಯೋಚನೆ ಬಂತು: ಆ ಮೊದಲ ಶಾಲೆಯಲ್ಲಿ ಇವಳ ಪಕ್ಕದ ಡೆಸ್ಕಿನಲ್ಲಿ ಯಾರು ಕುಳಿತಿದ್ದರು? ಆ ಮಗು ಏನು ಕಲಿಯಿತು, ಅದಕ್ಕೂ ಬೆಳಿಗ್ಗೆ ಹೊಟ್ಟೆ ನೋಯುತ್ತಿತ್ತೇ? ಪುಸ್ತಕದಲ್ಲಿ ಅದರ ಸುದ್ದಿಯಿಲ್ಲ. ಇರಬೇಕೆಂದೂ ಇಲ್ಲ, ಅದು ತೊತ್ತೋಚಾನಳ ಕತೆ.

ತಪ್ಪು ನಮ್ಮಂಥ ಕತೆಗಾರರದು. ನಮಗೆ ಬೇಕಾದದ್ದು ಕಿಟಕಿಯಲ್ಲಿ ನಿಲ್ಲುವ ಮಗು, ಬೆಂಚಿನಲ್ಲಿ ಕೂರುವ ಮಗುವಲ್ಲ. ಉರ್ದು ಶಾಲೆಯಲ್ಲಿ ನಾವು ಪ್ರೇಮಚಂದರ 'ಈದ್‌ಗಾಹ್' ಓದಿದ್ದೆವು. ಗೆಳೆಯರೆಲ್ಲ ಬಡ ಹಮೀದನನ್ನು ಕಾಡುತ್ತಾರೆ. ಅವನು ಒಂದು ಚಿಮಟ ಹಿಡಿದು, ಬರೀ ಮಾತಿನಿಂದ ಎಲ್ಲರನ್ನೂ ಸೋಲಿಸುತ್ತಾನೆ. ಎಷ್ಟು ಸೊಗಸು. ಆದರೆ ಮಾತು ಬಾರದ ಹಮೀದನಿದ್ದರೆ? ಅವನನ್ನು ಯಾರೂ ಪಠ್ಯಪುಸ್ತಕಕ್ಕೆ ಸೇರಿಸುವುದಿಲ್ಲ.

ಅಂಥವನೊಬ್ಬ ನಮ್ಮ ತರಗತಿಯಲ್ಲೇ ಇದ್ದ. ಉಗ್ಗುತ್ತಿದ್ದ. ಉಸ್ತಾದರು ಓದಲು ನಿಲ್ಲಿಸಿದಾಗ ಅವನ ಮೊದಲ ಅಕ್ಷರ ಹೊರಡುವುದರೊಳಗೆ ಹಿಂದಿನ ಸಾಲಿನಿಂದ ಅದೇ ಅಕ್ಷರ ಇಪ್ಪತ್ತು ಸಲ ಬರುತ್ತಿತ್ತು. ಶುರು ಮಾಡುತ್ತಿದ್ದವರು ಇಬ್ಬರು. ಮಿಕ್ಕವರು ನಗುತ್ತಿದ್ದೆವು. ಮನೆಯ ಉರ್ದುವಿನಲ್ಲಿ 'ಹಮ್' ಎಂದರೆ ನಾನೂ ಹೌದು, ನಾವೂ ಹೌದು. ಕನ್ನಡದಲ್ಲಿ ಬರೆಯುವಾಗಲೂ ಆ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಆದ್ದರಿಂದ ಸ್ಪಷ್ಟವಾಗಿಯೇ ಹೇಳಬೇಕು: ಈ 'ನಗುತ್ತಿದ್ದೆವು' ಎಂಬುದರಲ್ಲಿ ಇದನ್ನು ಬರೆಯುತ್ತಿರುವ ವ್ಯಕ್ತಿಯೂ ಸೇರಿದೆ. ಐದನೆಯ ತರಗತಿಯ ನಂತರ ಆತ ಶಾಲೆಗೆ ಬರಲಿಲ್ಲ. ಈಗ ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಮ್ಮ ಸ್ಕೂಟರಿಗೆ ಗಾಳಿ ಹಾಕಿ ಐದು ರೂಪಾಯಿ ತೆಗೆದುಕೊಳ್ಳುತ್ತಾನೆ. ಗಿರಾಕಿಗಳೊಂದಿಗೆ ಮಾತು ಕಡಿಮೆ. ನೆನಪಿದೆಯೇ ಎಂದು ಕೇಳಲು ನಮಗೆ ಬಾಯಿ ಬಂದಿಲ್ಲ.

ಇವನ ಪರವಾಗಿ ಆಗ ಯಾರು ಹೋಗಬೇಕಿತ್ತು? ಅವನ ತಾಯ್ತಂದೆಯರಿಗೆ ವಿಷಯ ಗೊತ್ತೇ ಇರಲಿಲ್ಲವೇನೋ. ಮಗುವಿನ ಪರವಾಗಿ ಹೋಗಿ ನಿಲ್ಲುವವರಿಲ್ಲದಿದ್ದರೆ ಅದು ತನ್ನ ಪರವಾಗಿ ತಾನೇ ಒಂದು ತೀರ್ಮಾನ ತೆಗೆದುಕೊಳ್ಳುತ್ತದೆ. ಶಾಲೆ ಬಿಡುತ್ತದೆ, ಇಲ್ಲವೆ ಹೊಟ್ಟೆನೋವು ತಂದುಕೊಳ್ಳುತ್ತದೆ. ಹೋಗಬೇಕು ಎಂಬುದರಲ್ಲಿ ನಮಗೆ ಈಗ ಸಂಶಯವಿಲ್ಲ. ಹೋಗಿ ಏನು ಕೇಳಬೇಕು ಎನ್ನುವುದೇ ತೊಡಕು.

ಅದೇ ವಾರ ಸೊಸೈಟಿಯ ಅಕ್ಕಿಯ ಸಾಲಿನಲ್ಲಿ ಆ ಹುಡುಗನ ತಾಯಿ ಸಿಕ್ಕಿದಳು. ಅರ್ಜಿಯ ಸುದ್ದಿ ಅವಳಿಗೆ ಮುಟ್ಟಿತ್ತು. ಜಗಳಕ್ಕೆ ಬರುತ್ತಾಳೇನೋ ಎಂದುಕೊಂಡೆವು. "ಆಪಾ, ನಾನೂ ಹೊಡೀತೀನಿ, ಟೀಚರೂ ಹೊಡೀತಾರೆ, ಅವನಪ್ಪ ಬಂದಾಗ ಅವರೂ ಹೊಡೀತಾರೆ. ಇನ್ನೇನು ಮಾಡಲಿ ಹೇಳಿ. ಸ್ಕೂಲಿಂದ ಕರೆ ಬಂದಾಗಲೆಲ್ಲ ನನಗೆ ಒಂದು ದಿನದ ಕೂಲಿ ಹೋಗುತ್ತೆ" ಎಂದಳು. ಆಮೇಲೆ ತುಸು ಹೊತ್ತು ಬಿಟ್ಟು, "ನಿಮ್ಮ ಮಗಳಿಗೆ ಏನಾದರೂ ಮಾಡಿದನಾ?" ಎಂದು ಕೇಳಿದಳು. ಹೌದು ಎಂದೆವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕಷ್ಟ ಕೇಳಿ ನಮ್ಮ ಕೋಪ ಕರಗಿತೆಂದು ಬರೆದರೆ ಕತೆ ಚೆನ್ನಾಗಿರುತ್ತದೆ. ಆದರೆ ಕರಗಲಿಲ್ಲ. ಕೈವಾರದ ಮೊನೆ ಚುಚ್ಚಿದ ಗುರುತು ಮಗಳ ಬೆನ್ನಿನ ಮೇಲೆ ಹಾಗೆಯೇ ಇತ್ತು. ಅವನ ಬಡತನದಿಂದ ಇವಳ ಗಾಯ ಸಣ್ಣದಾಗುವುದಿಲ್ಲ, ಇವಳ ಗಾಯದಿಂದ ಅವನ ಮನೆಯ ಕಷ್ಟ ಸುಳ್ಳಾಗುವುದಿಲ್ಲ. ಎರಡೂ ಪಕ್ಕಪಕ್ಕದಲ್ಲೇ ಕುಳಿತಿದ್ದವು, ಆ ಬೆಂಚಿನ ಮೇಲೆ ಮಕ್ಕಳಿಬ್ಬರೂ ಕುಳಿತಂತೆ.

ಪೋಲೆಂಡಿನ ಯಾನುಷ್ ಕೋರ್ಚಾಕ್ ನೆನಪಾದದ್ದು ಆಗ. ವೃತ್ತಿಯಿಂದ ಮಕ್ಕಳ ವೈದ್ಯ, ನಮ್ಮ ಹಾಗೆ ಕತೆಗಳನ್ನೂ ಬರೆಯುತ್ತಿದ್ದವನು. 1912ರಲ್ಲಿ ವಾರ್ಸಾದಲ್ಲಿ ಯಹೂದಿ ಅನಾಥ ಮಕ್ಕಳಿಗಾಗಿ ತೆರೆದ ಮನೆಯನ್ನು ಅವನು ನಡೆಸುತ್ತಿದ್ದ. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದಾಗ, ತಾನು ಉಳಿಯುವ ಅವಕಾಶಗಳನ್ನು ಬಿಟ್ಟು ಅವರೊಂದಿಗೇ ಹೋದವನು. ಅವನ ಸಾವಿನ ಕತೆ ಎಲ್ಲರಿಗೂ ಗೊತ್ತು, ಅವನ ಕೋರ್ಟಿನ ಕತೆ ಅಷ್ಟಾಗಿ ಗೊತ್ತಿಲ್ಲ. ಆ ಮನೆಯಲ್ಲಿ ಮಕ್ಕಳದೇ ಒಂದು ನ್ಯಾಯಾಲಯವಿತ್ತು. ನ್ಯಾಯಾಧೀಶರೂ ಮಕ್ಕಳೇ. ಯಾವ ಮಗು ಯಾರ ಮೇಲೆ ಬೇಕಾದರೂ ದೂರು ಕೊಡಬಹುದಿತ್ತು. ಕೋರ್ಚಾಕ್‌ನ ಮೇಲೂ ಕೊಟ್ಟರು, ಅವನೂ ಹೋಗಿ ನಿಂತ. ಅವನು ಬರೆದ ಕಾನೂನಿನ ಮೊದಲ 99 ಕಲಮುಗಳೂ ಒಂದಲ್ಲ ಒಂದು ರೀತಿಯಲ್ಲಿ ಮಗುವನ್ನು ಕ್ಷಮಿಸಿ ಬಿಡುವಂಥವು. ನೂರನೆಯದರಿಂದ ಬಿಗಿ ಶುರು. ಕಟ್ಟಕಡೆಯದು ಮನೆಯಿಂದ ಹೊರಹಾಕುವುದು. ಅಷ್ಟು ಕರುಣಾಳುವೂ ಅದನ್ನು ಬರೆಯದೆ ಬಿಟ್ಟಿರಲಿಲ್ಲ.

ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಕಾನೂನಿನ ಪೀಠಿಕೆಯಲ್ಲಿ ಅವನು ಹೇಳಿದ ಒಂದು ಸಂಗತಿ. ಕ್ಷಮೆಯೇ ಮೊದಲು ಎನ್ನುವ ಆತ ಅದರ ಬೆನ್ನಿಗೇ, ಅಂಜುಬುರುಕರನ್ನು ಬಲಿಷ್ಠರಿಂದ, ಕೆಲಸ ಮಾಡುವವರನ್ನು ಕೆಲಸಗೇಡಿಗಳಿಂದ ಕಾಯುವುದು ನ್ಯಾಯಾಲಯದ ಹೊಣೆ ಎನ್ನುತ್ತಾನೆ. ಅವ್ಯವಸ್ಥೆಯಿಂದ ಹೆಚ್ಚು ಕೆಡುವುದು ಸೌಮ್ಯ ಸ್ವಭಾವದ ಮಕ್ಕಳಿಗೇ ಎಂದು ಅವನು ಕಂಡುಕೊಂಡಿದ್ದ. ಗದ್ದಲದ ಮಗುವಿಗೆ ಕ್ಷಮೆ, ಮೌನದ ಮಗುವಿಗೆ ರಕ್ಷಣೆ. ಇವೆರಡೂ ಒಂದೇ ಮನೆಯಲ್ಲಿರಬಹುದೆಂದು ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಕ್ಷಮೆಯ ಖರ್ಚನ್ನೆಲ್ಲ ಮೌನದ ಮಗುವಿನ ಖಾತೆಗೇ ಬರೆಯುತ್ತೇವೆ. ಅವನಲ್ಲಿ ಆ ಖರ್ಚು ಮನೆಯದಾಗಿತ್ತು, ದೊಡ್ಡವರದಾಗಿತ್ತು.

ನಮ್ಮ ಕಾನೂನನ್ನೂ ತೆಗೆದು ನೋಡಿದೆವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಸೆಕ್ಷನ್ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ಅನುತ್ತೀರ್ಣಗೊಳಿಸುವ ವಿಷಯದಲ್ಲಿ ತಿದ್ದುಪಡಿ ಬಂದರೂ ಈ ಮಾತು ಹಾಗೆಯೇ ಉಳಿದಿದೆ. 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂದರೆ ಟಿಸಿಯೂ ಇಲ್ಲ, ಅಡಿಕೋಲೂ ಇಲ್ಲ. ಬಂದಿದ್ದ ಪೋಷಕರು ಇದನ್ನು ಕೇಳಿದರೆ "ಹಾಗಾದರೆ ಕಾನೂನೆಲ್ಲ ಅವನಿಗೇ, ನಮ್ಮ ಮಕ್ಕಳಿಗೆ ಏನಿದೆ?" ಎನ್ನುತ್ತಾರೆಂದು ಗೊತ್ತಿತ್ತು. ನಮಗೂ ಹಾಗೆಯೇ ಅನ್ನಿಸಿತು. ಹುಡುಕುತ್ತಾ ಹೋದರೆ 29ನೆಯ ಸೆಕ್ಷನ್ನಿನಲ್ಲಿ, ಕಲಿಕೆ ಮಗುವನ್ನು ಭಯ ಮತ್ತು ಆತಂಕದಿಂದ ಮುಕ್ತಗೊಳಿಸುವಂತಿರಬೇಕು ಎಂದಿದೆ. ಅದು ಆಶಯ. ಗಟ್ಟಿಯಾದದ್ದು ಸಿಕ್ಕಿದ್ದು ಕೊನೆಯಲ್ಲಿ, ಕಾಯ್ದೆಯ ಅನುಸೂಚಿಯಲ್ಲಿ. ಆರರಿಂದ ಎಂಟನೆಯ ತರಗತಿಯವರೆಗೆ ಪ್ರತಿ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕ. ಗದ್ದಲದ ಮಗುವಿನ ಹಕ್ಕನ್ನು ಶಾಸನ ವಾಕ್ಯಗಳಲ್ಲಿ ಬರೆದಿದೆ, ಮೌನದ ಮಗುವಿನ ಹಕ್ಕನ್ನು ಒಂದು ಅಂಕಿಯಲ್ಲಿ ಬರೆದಿದೆ. ವಾಕ್ಯವನ್ನು ಮುರಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. 35 ಹೋಗಿ 54 ಆದರೆ ಸುದ್ದಿಯಾಗುವುದಿಲ್ಲ. ಎರಡು ವಿಭಾಗ ಸೇರಿಸಿದ ದಿನ ನಾವ್ಯಾರೂ ಶಾಲೆಗೆ ಹೋಗಿ ಕೇಳಿರಲಿಲ್ಲ. ಹುಡುಗನ ಹೆಸರು ಸಿಕ್ಕ ಮೇಲಷ್ಟೇ ಅರ್ಜಿಯ ನೆನಪಾಯಿತು.

ಒಂಬತ್ತನೆಯ ದಿನ ಅರ್ಜಿ ಬರೆದೆವು. ಮೂರು ಪುಟ. ಯಾವ ಮಗುವಿನ ಹೆಸರೂ ಇಲ್ಲ. ಯಾರಿಗೂ ಟಿಸಿ ಬೇಡ, ಹೊಡೆಯುವುದು ಬೇಡ. ಖಾಲಿ ಬಿದ್ದ ಜಾಗಕ್ಕೆ ಅತಿಥಿ ಶಿಕ್ಷಕರನ್ನು ತರಿಸಿ, ವಿಭಾಗಗಳನ್ನು ಮತ್ತೆ ಬೇರೆ ಮಾಡಿ. ಗಲಾಟೆ ಮಾಡುವ ಮಕ್ಕಳ ಮನೆಯ ಪರಿಸ್ಥಿತಿ ಹೀಗೀಗಿರುತ್ತದೆ, ಅವರನ್ನು ಅರ್ಥ ಮಾಡಿಕೊಳ್ಳಬೇಕು, ಹೀಗೆ. ಬರೆದು ಮುಗಿಸಿದಾಗ ನಮ್ಮ ಬಗ್ಗೆ ನಮಗೇ ಹೆಮ್ಮೆಯಾಯಿತು. ಮಗಳು ಓದುತ್ತೇನೆಂದು ಕೇಳಿದಳು. ಕೊಟ್ಟೆವು. ನಿಧಾನವಾಗಿ ಮೂರೂ ಪುಟ ಓದಿದಳು. "ಇದರಲ್ಲಿ ಅವನ ವಿಷಯವೇ ಜಾಸ್ತಿ ಇದೆ" ಎಂದಳು. ಆಮೇಲೆ, "ನನ್ನನ್ನು ಇಲ್ಲೂ ಪಕ್ಕಕ್ಕೆ ಕೂರಿಸಿದ್ದೀರಿ" ಎಂದು ಕಾಗದವನ್ನು ಮಡಚಿ ಕೈಗೆ ಕೊಟ್ಟು ಒಳಗೆ ಹೋದಳು.

ಬಹಳ ಹೊತ್ತು ಕುಳಿತಿದ್ದೆವು. ಅವಳು ಹೇಳಿದ್ದು ನಿಜವಾಗಿತ್ತು. ಟೀಚರ್ ಅವಳನ್ನು ತರಗತಿಯ ಶಾಂತಿಗಾಗಿ ಬಳಸಿದ್ದರು. ನಾವು ನಮ್ಮ ದೊಡ್ಡತನಕ್ಕಾಗಿ ಬಳಸಲು ಹೊರಟಿದ್ದೆವು. ಪರರ ಮಗುವಿನ ಬಗ್ಗೆ ಉದಾರವಾಗಿರುವುದು ಒಳ್ಳೆಯದೇ. ಆದರೆ ಆ ಉದಾರತೆಯ ಹಣ ಯಾರ ಜೇಬಿನದು? ಅವಳನ್ನು ಕೇಳದೆ ಅವಳ ಪರವಾಗಿ ಕ್ಷಮಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ತಾಯ್ತಂದೆಯರೆಂಬ ಮಾತ್ರಕ್ಕೆ ಅದು ಬರುತ್ತದೆಯೇ? ಅವಳ ಸಿಟ್ಟನ್ನು ಹೊತ್ತುಕೊಂಡು ಹೋಗಿ ಅವನನ್ನು ಓಡಿಸುವುದು ಒಂದು ಅನ್ಯಾಯವಾದರೆ, ಅವಳ ಸಿಟ್ಟು ಇಲ್ಲವೇ ಇಲ್ಲವೆಂಬಂತೆ ಬರೆಯುವುದು ಇನ್ನೊಂದು. ನ್ಯಾಯವಂತರೆನ್ನಿಸಿಕೊಳ್ಳುವ ಆಸೆ ಇರುವವರು ಎರಡನೆಯದರಲ್ಲಿ ಸುಲಭವಾಗಿ ಬೀಳುತ್ತಾರೆ. ಅದು ಹೊರಗಿನಿಂದ ನೋಡಲು ಅನ್ಯಾಯದಂತೆ ಕಾಣುವುದೇ ಇಲ್ಲ.

ಮರುದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆವು. ಈ ಸಲ ಒಂದೇ ಪುಟ. ಅವಳಿಗೆ ಏನಾಯಿತು ಎಂಬುದು ಮೊದಲು: ಎಷ್ಟು ದಿನ, ಯಾವ ಬೆಂಚು, ಬೆನ್ನಿನ ಗಾಯ, ಖಾಲಿ ಪುಟಗಳು. ಅವಳನ್ನು ಯಾರ ನಡುವೆಯೂ ಕಾವಲಿಗೆ ಕೂರಿಸಬಾರದು, ಹೆಸರು ಬರೆಯುವ ಕೆಲಸ ಕೊಡಬಾರದು ಎಂಬುದು ಆಮೇಲೆ. ಐವತ್ತನಾಲ್ಕರ ಲೆಕ್ಕ ಅದಾದ ಮೇಲೆ. ಮೂವರು ಹುಡುಗರ ಹೆಸರೂ ಬರಬೇಕೆಂದು ಅವಳು ಹಟ ಹಿಡಿದಳು. ಬರೆದರೆ ಮೂವರದೂ ಬರೆಯೋಣ, ಬಿಟ್ಟರೆ ಮೂವರದೂ ಬಿಡೋಣ ಎಂದೆವು. ಸ್ವಲ್ಪ ಯೋಚಿಸಿ ಬರೆಯಿರಿ ಎಂದಳು. ಬರೆದೆವು. ಜೊತೆಗೆ, ಇವರಲ್ಲಿ ಯಾರನ್ನೂ ಶಾಲೆಯಿಂದ ಕಳುಹಿಸಬೇಕೆಂದು ನಾವು ಕೇಳುತ್ತಿಲ್ಲ ಎಂಬ ಸಾಲನ್ನೂ ಸೇರಿಸಿದೆವು. ಅದಕ್ಕೆ ಅವಳು ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೊನೆಗೆ ಪೆನ್ನು ಕಿತ್ತುಕೊಂಡು ತಾನೇ ಒಂದು ಸಾಲು ಬರೆದಳು: ಜಾಮಿಟ್ರಿ ಬಾಕ್ಸಿನ ಬೆಲೆ 120 ರೂಪಾಯಿ.

ಮೂರು ಹೆಸರಿದ್ದ ಆ ಕಾಗದಕ್ಕೆ ಅಂದು ಮನೆಗೆ ಬಂದವರಲ್ಲಿ ಇಬ್ಬರೇ ಸಹಿ ಹಾಕಿದರು. ಅವರಲ್ಲಿ ಒಬ್ಬಾಕೆಗೆ ಆ ಅಂಗಡಿಯ ಸಾಲವಿತ್ತು. ಅದನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಸಮಿತಿಯ ಸಭೆಯಲ್ಲಿ ಮಾತು ಜೋರಾಯಿತು. ಸದಸ್ಯರಾದ ತಂದೆ ನಮ್ಮ ಮುಖ ನೋಡದೆಯೇ ಎದ್ದು ಹೋದರು. ಆದರೆ ಮುಖ್ಯ ಶಿಕ್ಷಕರು ಕಾಗದವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳುಹಿಸಿದರು. ಸೆಪ್ಟೆಂಬರಿನಲ್ಲಿ ಒಬ್ಬ ಅತಿಥಿ ಶಿಕ್ಷಕಿ ಬಂದರು, ಚಿಕ್ಕ ವಯಸ್ಸಿನವರು. ಎರಡನೆಯ ವಿಭಾಗದ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದರಿಂದ ಕೆಲವು ವಾರ ಜಗಲಿಯ ಮೇಲೆಯೇ ಪಾಠ ನಡೆಯಿತು. ಹಿಂದಿನ ಓಣಿಯ ಹುಡುಗ ಅವರ ವಿಭಾಗಕ್ಕೆ ಹೋದ. ಗಂಟೆ ಹೊಡೆಯುವ ಕೆಲಸ ಅವನಿಗೆ ಕೊಟ್ಟರಂತೆ. ಮೂರು ನಿಮಿಷ ಮೊದಲೇ ಹೊಡೆಯುತ್ತಾನೆ ಎಂದು ಮಗಳ ದೂರು. ಜಾಮಿಟ್ರಿ ಬಾಕ್ಸಿನ ಹಣ ಯಾರೂ ಕೊಡಲಿಲ್ಲ.

ಅವಳು ಮೂರನೆಯ ಬೆಂಚಿಗೆ ಬಂದಳು, ಗೆಳತಿಯ ಪಕ್ಕಕ್ಕೆ. ಹೊಟ್ಟೆನೋವು ಸೋಮವಾರದಿಂದ ಶುಕ್ರವಾರದವರೆಗೆ ನಿಂತಿತು. ಶನಿವಾರದ್ದು ಮಾತ್ರ ವರ್ಷದ ಕೊನೆಯವರೆಗೂ ಉಳಿಯಿತು. ಅದು ಬೆಳಗಿನ ನಿದ್ದೆಗೆ ಸಂಬಂಧಿಸಿದ್ದು ಎಂದು ದಾದಿಯ ಅಭಿಪ್ರಾಯ.